ಸಿರುಗುಪ್ಪದಲ್ಲಿ ಮಾತ್ರ ಬರುವ ಸದ್ದು

ಆ ಗಾಡಿ ನನ್ನ ಗ್ಯಾರೇಜಿಗೆ ಮೊದಲ ಸಲ ಬಂದಾಗ ಅದರ ಬಂಪರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸಿರುಗುಪ್ಪದ ಕಡೆಯಿಂದ ಬಳ್ಳಾರಿಗೆ ಬರುವ ಗಾಡಿಗಳು ಗದ್ದೆಯ ಕೆಸರನ್ನೂ ರಸ್ತೆಯ ಧೂಳನ್ನೂ ಮೈತುಂಬ ಮೆತ್ತಿಕೊಂಡೇ ಬರುವುದು ವಾಡಿಕೆ. ಮೇಸ್ತ್ರಿಗೆ ತೋರಿಸಲೆಂದು ತರುವ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿ ತೊಳೆದು ತಂದವನನ್ನು ನಾನು ನೋಡಿದ್ದು ಅದೇ ಮೊದಲು. ಡ್ರೈವರ್ ಕುರುಗೋಡಿನವನು, ಮೂವತ್ತೈದರ ಆಸುಪಾಸು. ದೇಶನೂರಿನ ದಾರಿಯಲ್ಲಿರುವ ಒಂದು ಅಕ್ಕಿ ಗಿರಣಿಯ ಸಾಹುಕಾರರ ಬಳಿ ಆರು ವರ್ಷದಿಂದ ಗಾಡಿ ಓಡಿಸುತ್ತಿದ್ದ. ಅವನ ಕೈಯಿಂದ ಆ ಗಾಡಿಯ ಕೀಲಿ ಕಿತ್ತುಕೊಂಡದ್ದು ನನ್ನ ಬಾಯಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಲು ನಾಲಿಗೆ ಎಳೆಯುತ್ತದೆ.

"ಇದೇನಪ್ಪ, ಮದುವಿ ಗಾಡಿ ತಂದಂಗ ತಂದೀಯಲ್ಲ?" ಎಂದೆ.

"ಗಲೀಜು ಗಾಡಿ ನಿಮ್ಮ ಮುಂದ ಹೆಂಗ ನಿಲ್ಲಸ್ಲಿ ಮೇಸ್ತ್ರಿ? ಒಳಗ ನೀವು ಕುಂದರೋರು. ಕಾಲ್ವಿ ಹತ್ರ ನಿಲ್ಲಿಸಿ ಒಳಗ ಹೊರಗ ತೊಳಕಂಡು ಬಂದೆ," ಎಂದ.

ದೂರು ಚಿಕ್ಕದಾಗಿತ್ತು. ರಿವರ್ಸ್ ಗೇರ್ ಹಾಕುವಾಗ ಕರ್‌ರ್ ಎಂದು ಹಲ್ಲು ಕಡಿಯುವ ಸದ್ದು. ಎಲ್ಲ ಸಲವೂ ಅಲ್ಲ, ಹತ್ತರಲ್ಲಿ ಆರೇಳು ಸಲ. ಗಾಡಿ ಏಳು ಜನ ಕೂರುವ ಡೀಸೆಲ್ ಗಾಡಿ, ಕೊಂಡು ಮೂರು ವರ್ಷ ತುಂಬಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಮುಂದಕ್ಕೆ ಹೋಗುವ ಗೇರುಗಳ ಮಧ್ಯೆ ಹಿತ್ತಾಳೆಯ ಬಳೆಯಂಥದ್ದೊಂದು ಇರುತ್ತದೆ. ಎರಡು ಹಲ್ಲುಚಕ್ರ ಬೇರೆಬೇರೆ ವೇಗದಲ್ಲಿ ತಿರುಗುತ್ತಿದ್ದರೂ ಅದು ನಡುವೆ ನಿಂತು ವೇಗವನ್ನು ಸಮ ಮಾಡಿ ಆಮೇಲೆ ಜೋಡಿಸುತ್ತದೆ. ಈ ಗಾಡಿಯ ರಿವರ್ಸಿಗೆ ಆ ಬಳೆ ಇಲ್ಲ. ಹಲ್ಲು ನೇರವಾಗಿ ಹಲ್ಲಿನೊಳಗೆ ಜಾರಬೇಕು. ಹಾಗೆ ಜಾರಬೇಕಾದರೆ ಒಳಗಿನ ಶಾಫ್ಟ್ ಪೂರ್ತಿ ನಿಂತಿರಬೇಕು, ಅದು ನಿಲ್ಲಬೇಕಾದರೆ ಕ್ಲಚ್ ಒತ್ತಿದಾಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಪೂರ್ತಿ ಕಡಿಯಬೇಕು. ಕೂದಲೆಳೆಯಷ್ಟು ಸಂಬಂಧ ಉಳಿದರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಹಲ್ಲಿಗೆ ಹಲ್ಲು ಬಡಿಯುತ್ತದೆ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಇಂಜಿನ್ ಚಾಲೂ ಇಟ್ಟು ಕ್ಲಚ್ ಒತ್ತಿ ಹಿಡಿದು ಹತ್ತು ಎಣಿಸಬೇಕು, ಆಮೇಲೆ ರಿವರ್ಸ್ ಹಾಕಬೇಕು. ಆಗ ಸದ್ದು ಬರದಿದ್ದರೆ ಡ್ರೈವರ್ ಅವಸರದವನು ಎಂದರ್ಥ, ಶಾಫ್ಟ್ ನಿಲ್ಲುವ ಮೊದಲೇ ತಳ್ಳುತ್ತಿದ್ದಾನೆ. ಹತ್ತು ಎಣಿಸಿದ ಮೇಲೂ ಸದ್ದು ಬಂದರೆ ಕ್ಲಚ್ ಬಿಡುತ್ತಿಲ್ಲ. ನಾನು ಹತ್ತಿ ಕೂತು ಹತ್ತು ಎಣಿಸಿದೆ, ಹಾಕಿದೆ. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಹೋಯಿತು. ಐದಕ್ಕೆ ಹಾಕಿದೆ, ಹೋಯಿತು. ಎಣಿಸದೆಯೇ ಹಾಕಿದೆ, ಆಗಲೂ ಹೋಯಿತು.

"ಎಲ್ಲೈತೋ ಸದ್ದು?"

"ಇಲ್ಲಿ ಬರಂಗಿಲ್ರಿ. ಸಿರುಗುಪ್ಪದಾಗ ಬರತೈತ್ರಿ," ಎಂದ, ತನಗೇ ನಾಚಿಕೆಯಾದವನ ಹಾಗೆ.

"ಯಾಕಪ್ಪ, ಗಾಡಿಗೆ ಊರಿನ ಗುರ್ತು ಸಿಗತೈತೇನು?" ಎಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾಲ್ಕೈದು ಜನ ಡ್ರೈವರುಗಳು ಗೊಳ್ಳೆಂದು ನಕ್ಕರು. ಅವನೂ ನಕ್ಕ. ಆ ಜೋಕು ನನಗೆ ಎಷ್ಟು ಹಿಡಿಸಿತೆಂದರೆ ಆ ವಾರವೆಲ್ಲ ಬಂದವರಿಗೆಲ್ಲ ಹೇಳಿದೆ.

ನನ್ನ ಗ್ಯಾರೇಜಿನಲ್ಲಿ ಡ್ರೈವರುಗಳು ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂರಬೇಕು. ನನಗೆ ಕೆಲಸ ಕಲಿಸಿದ ಉಸ್ತಾದರ ಕಾಲದಿಂದ ಬಂದ ಪದ್ಧತಿ. ಡ್ರೈವರ್ ಪಕ್ಕದಲ್ಲಿದ್ದರೆ ಅವನ ಕಥೆ ಕಿವಿಗೆ ಬೀಳುತ್ತದೆ, ಗಾಡಿಯ ಸದ್ದು ಬೀಳುವುದಿಲ್ಲ ಎನ್ನುತ್ತಿದ್ದರು ಅವರು. ನಾನು ಅದನ್ನು ವೇದವಾಕ್ಯ ಮಾಡಿಕೊಂಡಿದ್ದೆ. ಗೇಟಿನೊಳಗೆ ಗಾಡಿ ತಿರುಗುವಾಗಲೇ ಕಿವಿಗೊಟ್ಟು ಬೇರಿಂಗ್ ಹೋಗಿದೆ, ಪ್ಲೇಟ್ ಹೋಗಿದೆ ಎಂದು ಹೇಳುವುದು ನನ್ನ ಹೆಮ್ಮೆ. ಇಪ್ಪತ್ತೆಂಟು ವರ್ಷದಲ್ಲಿ ಅದು ಸುಳ್ಳಾದದ್ದು ಕಡಿಮೆ, ಅದಕ್ಕೇ ತಲೆಗೇರಿತ್ತು.

ಆ ದಿನ ಕ್ಲಚ್ಚಿನ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿರಬಹುದೆಂದುಕೊಂಡು ಹಳೇ ಎಣ್ಣೆ ತೆಗೆದು, ಹೊಸದು ಹಾಕಿ, ಪೆಡಲ್ ಒತ್ತಿಸಿ ಒತ್ತಿಸಿ ಗಾಳಿ ಹೊರಗೆ ಹಾಕಿದೆ. ಒಂದು ಗುಳ್ಳೆಯೂ ಬರಲಿಲ್ಲ. ಬರದಿದ್ದದ್ದನ್ನು ನೋಡಿಯೂ ಕೆಲಸ ಆಯಿತೆಂದು ಕಳಿಸಿದೆ.

ಎರಡು ವಾರಕ್ಕೆ ಮತ್ತೆ ಬಂದ. ಮತ್ತೆ ತೊಳೆದ ಗಾಡಿ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ಸದ್ದು ಹಂಗ ಐತ್ರಿ ಮೇಸ್ತ್ರಿ. ಒಂದನೇ ಗೇರೂ ಸ್ವಲ್ಪ ಬಿಗಿ ಬರತೈತ್ರಿ ಅಲ್ಲಿ. ಸಾವ್ಕಾರ್ರು ಬಯ್ಯಾಕತ್ತಾರ."

"ಕ್ಲಚ್ ಪೂರ್ತಿ ಒತ್ತತೀ ಏನು?"

"ತಳಕ್ಕ ಬಡಿಯೋತನ ಒತ್ತತೀನ್ರಿ."

ಒತ್ತದ ಡ್ರೈವರ್ ಯಾವನಾದರೂ ಒತ್ತುವುದಿಲ್ಲ ಎಂದು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಹೂಂ ಎಂದು ತಲೆಯಾಡಿಸಿ ಅವನನ್ನು ಬೆಂಚಿಗೆ ಕಳಿಸಿದೆ. ನಾನು ಒತ್ತಿ ನೋಡಿದರೆ ಗೇರು ಮತ್ತೆ ನುಣ್ಣಗೆ ಬೀಳುತ್ತಿತ್ತು. ಗೇರ್‌ಬಾಕ್ಸಿನ ಪಕ್ಕದಲ್ಲಿ ಕ್ಲಚ್ಚನ್ನು ತಳ್ಳುವ ಚಿಕ್ಕ ಸಿಲಿಂಡರ್ ಇರುತ್ತದೆ. ಅದರ ರಬ್ಬರ್ ಬಿಸಿಯಲ್ಲಿ ಸೋಲುತ್ತಿರಬಹುದು, ಸಿರುಗುಪ್ಪದ ಬಿಸಿಲಿನಲ್ಲಿ ದಿನವೆಲ್ಲ ಓಡಿದಾಗ ಮಾತ್ರ ತೊಂದರೆ ಕೊಡುತ್ತಿರಬಹುದು ಎಂದು ಲೆಕ್ಕ ಹಾಕಿದೆ. ಬಳ್ಳಾರಿಯಲ್ಲೇನು ಬಿಸಿಲು ಕಡಿಮೆಯೇ? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಸಿಲಿಂಡರ್ ಬದಲಾಯಿಸಿದೆ. ಬಿಚ್ಚಿದ ಹಳೆಯದರಲ್ಲಿ ರಬ್ಬರ್ ಹೊಸದರಂತೆಯೇ ಇತ್ತು. ಅದನ್ನೂ ನೋಡಿದೆ, ನೋಡಿ ಡಬ್ಬಕ್ಕೆ ಎಸೆದೆ.

ಮೂರನೆಯ ಸಲ ಸಾಹುಕಾರರೇ ಬಂದರು. ಡ್ರೈವರ್ ತೊಳೆದ ಗಾಡಿ ತಂದ, ಅವರು ಹಿಂದೆ ಇನ್ನೊಂದು ಗಾಡಿಯಲ್ಲಿ ಬಂದರು. ಬಿಳಿ ಬಟ್ಟೆ, ಬೆಳ್ಳಗಿನ ಮೀಸೆ, ಸಿಟ್ಟು ಬಂದಾಗ ತೆಲುಗಿಗೆ ಜಾರುವ ನಾಲಿಗೆ. ಮಗಳ ನಿಶ್ಚಯಕ್ಕೆಂದು ಬೀಗರ ಮನೆಗೆ ಹೋಗಿದ್ದರಂತೆ. ಹೊರಡುವಾಗ ಅಂಗಳದಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದಾಗ ರಿವರ್ಸ್ ಹಾಕಿದರೆ ಕರ್‌ರ್ ಎಂದು ಊರಿಗೆಲ್ಲ ಕೇಳುವ ಹಾಗೆ ಸದ್ದು.

"ಹೊಸಾ ಬೀಗರು ನಕ್ಕರು ಮೇಸ್ತ್ರಿ! ಡಕೋಟಾ ಗಾಡ್ಯಾಗ ಬಂದಂಗಾತು ನನ್ನ ಮರ್ಯಾದಿ. ಎರಡು ಸಲ ಬಿಚ್ಚೀರಿ, ಏನ್ ಕಿತ್ತೀರಿ? ಇವತ್ತು ನನಗ ಒಂದು ಮಾತು ಬೇಕು. ಗಾಡಿದು ತಪ್ಪೋ, ನಿಮ್ಮದು ತಪ್ಪೋ, ಇವಂದು ತಪ್ಪೋ?"

ಮೂರರಲ್ಲಿ ಒಂದನ್ನು ಆರಿಸಿ ಎಂದು ನನ್ನನ್ನೇ ಕೇಳಿದರು. ಯಾವನು ತನ್ನ ಹೆಸರು ಆರಿಸಿಕೊಳ್ಳುತ್ತಾನೆ?

ಗೇರ್‌ಬಾಕ್ಸ್ ಇಳಿಸದೆ ಹೇಳಲಾಗದು ಎಂದೆ. ಅವರು ಊರಿನಲ್ಲೇ ನೆಂಟರ ಮನೆಯಲ್ಲಿ ಉಳಿದರು, ಡ್ರೈವರ್ ಗ್ಯಾರೇಜಿನ ಬೆಂಚಿನ ಮೇಲೆ ಉಳಿದ. ಹಿಂದಿನ ಡಿಕ್ಕಿಯಲ್ಲಿ ಕೆಸರು ಮೆತ್ತಿದ ಗೋಣಿಚೀಲಗಳಿದ್ದವು. ಸ್ಪ್ಯಾನರ್ ಪೆಟ್ಟಿಗೆಗೆ ಜಾಗ ಬೇಕೆಂದು ಅವನ್ನು ಎತ್ತಿ ಗೋಡೆಗೆ ಹಾಕಿದೆ. ಅಕ್ಕಿ ಗಿರಣಿಯ ಗಾಡಿಯಲ್ಲಿ ಗೋಣಿಚೀಲ ಇರುವುದು ಸಹಜವೇ ಅಲ್ಲವೇ?

ಗೇರ್‌ಬಾಕ್ಸಿನ ಎಣ್ಣೆ ಇಳಿಸಿದಾಗ ಅದರಲ್ಲಿ ಉಕ್ಕಿನ ಚೂರು ಮಿನುಗಿತು. ಮಾರನೆಯ ದಿನ ಬೆಳಗ್ಗೆ ಗೇರ್‌ಬಾಕ್ಸ್ ಮೇಜಿನ ಮೇಲಿತ್ತು. ರಿವರ್ಸಿನ ಹಲ್ಲುಚಕ್ರದ ಅಂಚು ಇಲಿ ಕಡಿದ ಬಿಸ್ಕತ್ತಿನ ಹಾಗಾಗಿತ್ತು. ಅಲ್ಲಿಗೆ ಸದ್ದು ಸುಳ್ಳಲ್ಲ ಎಂದಾಯಿತು. ಇನ್ನು ಕಾರಣ. ಕ್ಲಚ್ ಪ್ಲೇಟಿನ ದಪ್ಪ ಅಳೆದೆ, ಸರಿಯಾಗಿತ್ತು. ಪ್ಲೇಟು ಸೊಟ್ಟಗಾಗಿದೆಯೇ ಎಂದು ತಿರುಗಿಸಿ ನೋಡಿದೆ, ಆಗಿರಲಿಲ್ಲ. ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳು ಒಂದೇ ಎತ್ತರದಲ್ಲಿದ್ದವು. ಶಾಫ್ಟಿನ ಉದ್ದುದ್ದ ಹಲ್ಲುಗಳ ಮೇಲೆ ಪ್ಲೇಟು ಎಲ್ಲೂ ಹಿಡಿಯದೆ ಜಾರುತ್ತಿತ್ತು. ಶಾಫ್ಟಿನ ತುದಿ ಕೂರುವ ಬೇರಿಂಗ್ ಬೆರಳಿನಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಕ್ಲಚ್ ಬಿಡದೆ ಇರುವುದಕ್ಕೆ ಯಾವ ಯಾವ ಕಾರಣಗಳಿವೆಯೋ ಅವೆಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದೆ, ಒಂದೂ ಸಿಗಲಿಲ್ಲ.

ಅಲ್ಲಿ ನಾನು ಕೈ ಒರೆಸಿಕೊಂಡು ಸುಮ್ಮನೆ ಕೂತು ಯೋಚಿಸಬೇಕಿತ್ತು. ಕಾರಣ ಸಿಗಲಿಲ್ಲ, ಗೊತ್ತಾಗುತ್ತಿಲ್ಲ ಎಂದು ಸಾಹುಕಾರರಿಗೆ ಹೇಳಬೇಕಿತ್ತು. ಗೊತ್ತಿಲ್ಲ ಎಂಬ ಒಂದು ಶಬ್ದ ಮೇಸ್ತ್ರಿಯಾದವನ ಗಂಟಲಲ್ಲಿ ಎಷ್ಟು ದೊಡ್ಡದಾಗುತ್ತದೆಂದು ಮೇಸ್ತ್ರಿಗಳಿಗೇ ಗೊತ್ತು. ಯಾವ ಭಾಗವೂ ಕೆಟ್ಟಿಲ್ಲ ಎಂದಮೇಲೆ ಉಳಿದದ್ದು ಪೆಡಲಿನ ಮೇಲಿರುವ ಕಾಲು ಎಂದುಕೊಂಡೆ. ಸಾಹುಕಾರರು ಬಂದಾಗ ಉಕ್ಕಿನ ಚೂರನ್ನು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ತೋರಿಸಿದೆ.

"ಗಾಡಿದು ತಪ್ಪಿಲ್ರಿ. ಅರ್ಧ ಕ್ಲಚ್ ಒತ್ತಿ ಗೇರ್ ಹಾಕಿದ್ರ ಹಿಂಗ ಆಗತೈತಿ. ಇದು ಡ್ರೈವರನ ಕಾಲಿನ ಕೆಲಸ."

ಬೆಂಚಿನ ಮೇಲಿದ್ದವನು ಎದ್ದು ಒಳಗೆ ಬಂದ. ಕರೆಯದೆ ಅವನು ಒಳಗೆ ಬಂದದ್ದು ಅದೊಂದೇ ಸಲ.

"ತಾಯಾಣಿ ಸಾವ್ಕಾರ್ರ, ತಳಕ್ಕ ಬಡಿಯೋತನ ಒತ್ತತೀನಿ. ಆರು ವರ್ಷ ಆತು ನಿಮ್ಮ ಗಾಡಿ ಹಿಡದು, ಹಿಂದಿನ ಗಾಡ್ಯಾಗ ಒಂದ್ ದಿನ ಆದ್ರೂ ಸಪ್ಪಳ ಬಂದಿತ್ತಾ?" ಆಮೇಲೆ ನನ್ನ ಕಡೆ ತಿರುಗಿದ. "ಮೇಸ್ತ್ರಿ, ಒಂದ್ಸಲ ನನ್ನ ಪಕ್ಕ ಕುಂದರ್ರಿ. ಸಿರುಗುಪ್ಪಕ್ಕ ಬರ್ರಿ. ನಾ ಗೇರ್ ಹಾಕ್ತೀನಿ, ನೀವು ನನ್ನ ಕಾಲು ನೋಡ್ರಿ. ಅಷ್ಟ ಸಾಕು ನನಗ."

"ಗೇರ್‌ಬಾಕ್ಸ್ ಮೇಜಿನ ಮ್ಯಾಲೈತಿ. ಎದ್ರಾಗ ಕುಂದರ್ಲಿ, ನಿನ್ನ ಹೆಗಲ ಮ್ಯಾಲ?" ಎಂದೆ.

ಬೆಂಚಿನವರು ಮತ್ತೆ ನಕ್ಕರು. ಸಾಹುಕಾರರು ನಗಲಿಲ್ಲ, ಕೈ ಚಾಚಿದರು. ಅವನು ಜೇಬಿನಿಂದ ಕೀಲಿ ತೆಗೆದು ಅವರ ಕೈಗೆ ಇಡದೆ ಬಾನೆಟ್ಟಿನ ಮೇಲಿಟ್ಟ. ಸೀಟಿನ ಹಿಂದಿದ್ದ ಬುತ್ತಿ ಡಬ್ಬ ತೆಗೆದುಕೊಂಡ. ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ನಾನು ಅವನನ್ನು ಪೂರ್ತಿ ನೋಡಲೂ ಇಲ್ಲ, ಮೇಜಿನ ಮೇಲೆ ಕೆಲಸವಿತ್ತು.

ಹೊಸ ಹಲ್ಲುಚಕ್ರ ಹಾಕಿ ಗಾಡಿ ಕೊಟ್ಟೆ. ಸಾಹುಕಾರರೇ ನಾಲ್ಕು ಸಲ ರಿವರ್ಸ್ ಹಾಕಿ ನೋಡಿ ಖುಷಿಯಾದರು. ಅದಾದ ಮೇಲೆ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಚಹಾದ ಹೊತ್ತಿಗೆ ಬೆಂಚಿನವರ ಮುಂದೆ ಅದನ್ನೊಂದು ಕಥೆ ಮಾಡಿದೆ. ಆರು ವರ್ಷ ಗಾಡಿ ಓಡಿಸಿದರೂ ಕ್ಲಚ್ ಒತ್ತುವುದು ಕಲಿಯದವನ ಕಥೆ. ಅವನ ಧ್ವನಿ ಅನುಕರಿಸಿ "ಸಿರುಗುಪ್ಪದಾಗ ಬರತೈತ್ರಿ" ಎನ್ನುತ್ತಿದ್ದೆ. ಕೇಳಿ ನಗುತ್ತಿದ್ದವರಲ್ಲಿ ಸಿರುಗುಪ್ಪದ ಡ್ರೈವರುಗಳಿದ್ದರು, ಕುರುಗೋಡಿನವರೂ ಇದ್ದರು. ಕಥೆ ಅವರ ಜೊತೆ ಬಸ್ಸು ಹತ್ತಿ ಊರೂರಿಗೆ ಹೋಯಿತು.

ಒಂದೂವರೆ ತಿಂಗಳ ನಂತರ ಸಾಹುಕಾರರ ಫೋನು ಬಂತು.

"ಮೇಸ್ತ್ರಿ, ಮತ್ತ ಶುರು ಆತು. ಹೊಸಾ ಗೇರು, ಹೊಸಾ ಡ್ರೈವರು, ಅದ ಸಪ್ಪಳ. ಇನ್ನ ಯಾರ ಕಾಲು ಕಡೀಲಿ?"

ಫೋನ್ ಇಟ್ಟ ಮೇಲೆ ಸತ್ಯನಾರಾಯಣಪೇಟೆಯ ನನ್ನ ಮನೆಯಲ್ಲಿ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದೆ. ಗಾಡಿ ತರಿಸಬೇಡಿ, ನಾನೇ ಬರುತ್ತೇನೆ ಎಂದು ಹೇಳಿದ್ದೆ. ಅದೇಕೆ ಹಾಗೆ ಹೇಳಿದೆನೋ. ಅಪಮಾನ ನನ್ನ ಬೆಂಚಿನವರ ಮುಂದೆ ಆಗುವುದು ಬೇಡವೆಂದೇ ಇರಬೇಕು.

ಮಳೆ ಬಿದ್ದು ನಾಟಿ ಮುಗಿದ ದಿನಗಳು. ಗಿರಣಿಯ ಅಂಗಳದಲ್ಲಿ ಹೊಟ್ಟು, ನೀರು, ಕಪ್ಪು ಮಣ್ಣು ಕಲಸಿ ಕಾಲಿಟ್ಟಲ್ಲಿ ಕಣಕಾಲಿನವರೆಗೆ ಅಂಟುತ್ತಿತ್ತು. ಗಾಡಿ ಶೆಡ್ಡಿನ ಕೆಳಗೆ ನಿಂತಿತ್ತು, ಹೊರಮೈ ತುಂಬ ಕೆಸರು. ಹೊಸ ಡ್ರೈವರ್ ಅದನ್ನು ತೊಳೆಯುವ ಗೋಜಿಗೆ ಹೋಗಿರಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು ಅವನಿಗೆ ರಿವರ್ಸ್ ಹಾಕಲು ಹೇಳಿದೆ. ಕರ್‌ರ್ ಎಂದಿತು. ಈ ಸಲ ಕಿವಿಯನ್ನು ಬಿಟ್ಟು ಕಣ್ಣನ್ನು ಅವನ ಎಡಗಾಲಿನ ಮೇಲಿಟ್ಟೆ. ಮತ್ತೊಮ್ಮೆ ಹಾಕಿಸಿದೆ. ಅವನು ಪೆಡಲನ್ನು ಅದು ನಿಲ್ಲುವವರೆಗೂ ಒತ್ತಿದ್ದ. ಇನ್ನು ಒತ್ತಲು ಜಾಗವೇ ಇರಲಿಲ್ಲ. ಆದರೂ ಕರ್‌ರ್ ಎಂದಿತು.

"ಇಳಿ," ಎಂದು ನಾನೇ ಹತ್ತಿ ಕೂತೆ. ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಎಡಗಾಲಿಗೆ ತಂದು ತಳಕ್ಕೆ ಬಡಿಯುವವರೆಗೆ ಒತ್ತಿದೆ. ಹತ್ತು ಎಣಿಸಿದೆ, ಹಾಕಿದೆ. ನನ್ನ ಕಾಲ ಕೆಳಗೂ ಕರ್‌ರ್ ಎಂದಿತು. ಕ್ಲಚ್ ಒತ್ತಲು ಬಾರದವರ ಸಾಲಿನಲ್ಲಿ ನಾನೂ ನಿಂತಿದ್ದೆ.

ಇಳಿದು, ಕೆಸರಿನಲ್ಲೇ ಮಂಡಿಯೂರಿ, ಪೆಡಲಿನ ಕೆಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಗೋಣಿಚೀಲ. ರಬ್ಬರ್ ಮ್ಯಾಟಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ್ದ ಚೀಲ, ಕಾಲಿನ ಕೆಸರು ಇಳಿದು ಒಣಗಿ ತುಳಿಸಿಕೊಂಡು ತುಳಿಸಿಕೊಂಡು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಎಳೆದು ಹೊರಗೆ ಹಾಕಿ ಪೆಡಲನ್ನು ಕೈಯಿಂದ ಒತ್ತಿದೆ. ಮೊದಲು ನಿಲ್ಲುತ್ತಿದ್ದ ಜಾಗದಿಂದ ಎರಡು ಬೆರಳಿನಷ್ಟು ಇನ್ನೂ ಕೆಳಕ್ಕೆ ಇಳಿಯಿತು. ಆ ಎರಡು ಬೆರಳಿನಲ್ಲೇ ಕ್ಲಚ್ ಪೂರ್ತಿ ಬಿಡುವುದು. ಹತ್ತಿ ಕೂತು ಹಾಕಿದೆ, ಸದ್ದಿಲ್ಲ. ಚೀಲ ಹಾಸಿ ಹಾಕಿದೆ, ಕರ್‌ರ್ ಎಂದಿತು. ತೆಗೆದು ಹಾಕಿದೆ, ಸದ್ದಿಲ್ಲ.

"ಇದನ್ನ ಯಾರು ಹಾಸಿದ್ದು?" ಎಂದೆ ಹೊಸ ಡ್ರೈವರನಿಗೆ.

"ಮಳಿ ಬಿದ್ದ ಮ್ಯಾಲ ಸಾವ್ಕಾರ್ರು ಹಾಸಿಸ್ಯಾರ್ರಿ. ಒಳಗಿನ ಕಾರ್ಪೆಟ್ ಬೆಳ್ಳಗೈತಲ್ಲ, ಕೆಸರು ಹತ್ತಬಾರದಂತ. ಮೊದಲಿನ ಡ್ರೈವರಗೂ ಹಂಗ ಹೇಳಿದ್ರಂತ. ಯಾಕ್ರಿ?"

ನಾನು ಚೀಲವನ್ನು ತಿರುಗಿಸಿ ನೋಡಿದೆ. ಅವನು ಚಹಾ ತರುತ್ತೇನೆಂದು ಹೋದ. ಶೆಡ್ಡಿನಲ್ಲಿ ನಾನು, ಗಾಡಿ, ಚೀಲ ಮಾತ್ರ ಉಳಿದೆವು. ಆಗ ನೆನಪಾಯಿತು, ಒಳಗೆ ಹೊರಗೆ ತೊಳೆದುಕೊಂಡು ಬಂದೆ ಎಂದಿದ್ದನಲ್ಲ ಮೊದಲಿನ ಡ್ರೈವರ್. ಮೂರು ಸಲವೂ ಕಾಲುವೆಯ ಬಳಿ ನಿಲ್ಲಿಸಿ ಆ ಕೆಸರಿನ ಚೀಲವನ್ನು ತೆಗೆದು ಡಿಕ್ಕಿಗೆ ಹಾಕಿ, ಕೆಳಗಿನದನ್ನು ತೊಳೆದು, ಒರೆಸಿ ಬಂದಿದ್ದ. ಒಳಗೆ ನಾನು ಕೂರುವವನು, ನನ್ನ ಪ್ಯಾಂಟಿಗೆ ಕೆಸರು ಹತ್ತಬಾರದು ಎಂದು. ಕಾರಣವನ್ನು ನನಗೆ ಮರ್ಯಾದೆ ಕೊಡಲೆಂದೇ ಅವನು ನನ್ನಿಂದ ಮುಚ್ಚಿಟ್ಟಿದ್ದ, ತನಗೇ ಗೊತ್ತಿಲ್ಲದೆ. ತಳಕ್ಕೆ ಬಡಿಯುವವರೆಗೆ ಒತ್ತುತ್ತೇನೆ ಎಂದದ್ದೂ ನಿಜ. ಅವನ ಕಾಲಿಗೆ ತಳ ಎಂದರೆ ಚೀಲವಾಗಿತ್ತು. ಸಿರುಗುಪ್ಪದಲ್ಲಿ ಮಾತ್ರ ಸದ್ದು ಬರುತ್ತದೆ ಎಂದದ್ದೂ ಅಕ್ಷರಶಃ ನಿಜ. ಚೀಲ ಇದ್ದದ್ದು ಸಿರುಗುಪ್ಪದಲ್ಲಿ ತಾನೆ?

ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗಲಿ. ಆ ಹೊತ್ತು ನನ್ನ ತಲೆಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಚೀಲವನ್ನು ಮಡಚಿ ಹೊಟ್ಟಿನ ರಾಶಿಗೆ ಎಸೆದು, ಎಣ್ಣೆಯ ಬಾಟಲಿ ತೆಗೆದು ಬಾನೆಟ್ ಎತ್ತಿ ನಿಂತರೆ ಸಾಕಿತ್ತು. ಪೈಪಿನಲ್ಲಿ ಗಾಳಿ ಸೇರಿತ್ತು, ತೆಗೆದೆ, ಇನ್ನು ಮೇಲೆ ಚೀಲ ಗೀಲ ಹಾಸಬೇಡಿ ಎಂದು ಹೇಳಿದರೆ ಮುಗಿಯಿತು. ಸಾಹುಕಾರರು ಒಳಗೆ ಆಫೀಸಿನಲ್ಲಿದ್ದರು. ಹೊಸ ಡ್ರೈವರನಿಗೆ ಏನೂ ಅರ್ಥವಾಗಿರಲಿಲ್ಲ. ಬಾನೆಟ್ಟಿನ ತನಕ ಹೋದೆ ಕೂಡ, ಅದರ ಮೇಲೆ ಕೈಯಿಟ್ಟೆ. ಮೊದಲಿನ ಡ್ರೈವರ್ ಅವತ್ತು ಕೀಲಿ ಇಟ್ಟದ್ದು ಅದೇ ಜಾಗದಲ್ಲಿ.

ಚೀಲವನ್ನು ಎತ್ತಿಕೊಂಡು ಆಫೀಸಿಗೆ ಹೋದೆ.

ಸಾಹುಕಾರರನ್ನು ಕರೆತಂದು ಕೂರಿಸಿ, ಅವರ ಕಾಲಿನಿಂದಲೇ ಒತ್ತಿಸಿದೆ. ಚೀಲ ಹಾಸಿ ಒಂದು ಸಲ, ತೆಗೆದು ಒಂದು ಸಲ. ಮೂರನೆಯ ಸಲಕ್ಕೆ ಅವರು ಇಂಜಿನ್ ಬಂದ್ ಮಾಡಿದರು.

"ತಪ್ಪು ನನ್ನದು ಸಾವ್ಕಾರ್ರ. ಆ ಹುಡುಗಂದು ಏನೂ ಇರ್ಲಿಲ್ಲ. ಕಾರಣ ಸಿಗಲಿಲ್ಲ ಅಂತ ಹೇಳೋ ಬದಲಿ ಅವನ ತಲಿ ಮ್ಯಾಲೆ ಹಾಕಿದೆ. ಅವಗ ಫೋನ್ ಮಾಡಿ ಕರೀರಿ."

ಅವರು ಅಂದದ್ದು ಇಷ್ಟು: "ಚೀಲ ಹಾಕು ಅಂದೋನು ನಾನು. ಇವನು ತಪ್ಪು ಮಾಡ್ಯಾನ ಅಂದೋರು ನೀವು. ನೀವು ಹೇಳಿದ್ರಿ, ನಾ ತೆಗೆದೆ. ಈಗ ಮತ್ತ ನೀವ ಬಂದು ಕರೀರಿ ಅಂತೀರಿ. ಎರಡೂ ಸಲ ನಿಮ್ಮ ಮಾತ ಕೇಳ್ಬೇಕೇನು ನಾನು?"

"ಆರು ವರ್ಷ ದುಡದಾನ್ರಿ ನಿಮ್ಮ ಹತ್ರ."

"ಕರದು ಏನಂತ ಹೇಳ್ಲಿ? ನಾನು ನಾಲ್ಕು ಜನದ ಮುಂದ ಅವನ್ನ ಕೆಲಸ ಬಿಡಿಸಿ ಕಳಿಸೀನಿ. ಈಗ ಕರದ್ರ ನಾನ ತಪ್ಪು ಮಾಡ್ದಂಗಾತು. ಬಿಡ್ರಿ, ಅದು ಮುಗದ ಮಾತು." ಗಾಡಿಯಿಂದ ಇಳಿದು ಹೊಸ ಡ್ರೈವರನನ್ನು ಕೂಗಿದರು. "ಏಯ್, ಇನ್ನ ಮುಂದ ಚೀಲ ನಾಕು ಮಡಿಕಿ ಹಾಕಬ್ಯಾಡ. ಒಂದ ಮಡಿಕಿ ಹಾಸು."

ಚಹಾ ಕುಡಿಯದೆ ಹೊರಟೆ. ಆ ಗಿರಣಿಯ ಗಾಡಿಗಳು ಅದಾದ ಮೇಲೆ ನನ್ನ ಗೇಟಿಗೆ ಬರಲಿಲ್ಲ. ಅದರ ಬಗ್ಗೆ ನನಗೆ ದೂರಿಲ್ಲ.

ಮೂರನೆಯ ದಿನ ಕುರುಗೋಡಿಗೆ ಹೋದೆ. ಗುಡ್ಡದ ಬುಡದ ಓಣಿಯಲ್ಲಿ ಮನೆ ಎಂದು ಬೆಂಚಿನವರಲ್ಲೊಬ್ಬ ಹೇಳಿದ್ದ. ಓಣಿ ಇಷ್ಟು ಕಿರಿದು ಎಂದು ಹೇಳಿರಲಿಲ್ಲ. ನನ್ನ ಹಳೇ ಕಾರನ್ನು ಅವರ ಮನೆಯವರೆಗೂ ನುಗ್ಗಿಸಿ ನಿಲ್ಲಿಸಿದಾಗ ಎರಡೂ ಕಡೆ ಬಾಗಿಲು ತೆರೆಯಲು ಮಾತ್ರ ಜಾಗವಿತ್ತು, ಮುಂದೆ ಬಂಡೆ. ಅವನ ಹೆಂಡತಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು.

"ಯಾರ್ರಿ ನೀವು?"

"ಬಳ್ಳಾರಿಯಿಂದ ಬಂದೀನಮ್ಮ. ಗ್ಯಾರೇಜು ನಂದು. ಡ್ರೈವರು..."

ಅವಳ ಕೈ ನಿಂತಿತು. "ಹೌದ್ರಿ, ಕ್ಲಚ್ ಒತ್ತಾಕ ಬರದೋರ ಮನಿ ಇದ ಐತಿ," ಎಂದಳು. "ಬರ್ತಾರ, ಕುಂದರ್ರಿ."

ಕೂತೆ. ನೀರು ತಂದುಕೊಟ್ಟು ಮತ್ತೆ ಶೇಂಗಾ ಸುಲಿಯತೊಡಗಿದಳು. ಮಧ್ಯಾಹ್ನ ಎರಡರ ಹೊತ್ತಿಗೆ ಅವನು ಬಂದ. ಕುಡತಿನಿ ಕಡೆ ಬೂದಿ ಇಟ್ಟಿಗೆ ಮಾಡುವಲ್ಲಿ ಬೆಳಗಿನ ಪಾಳಿ. ರೆಪ್ಪೆಯ ಮೇಲೆಲ್ಲ ಬೂದಿ ಕೂತಿತ್ತು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ನಾನು ಎಲ್ಲವನ್ನೂ ಹೇಳಿದೆ. ಬಾನೆಟ್ಟಿನ ತನಕ ಹೋಗಿ ನಿಂತದ್ದನ್ನೂ ಹೇಳಿದೆ.

ಅವನು ಕೇಳಿದ್ದು ಒಂದೇ ಶಬ್ದ. "ಚೀಲಾ?"

"ಚೀಲ."

"ನಾನ ತೆಗೀತಿದ್ನಲ್ರಿ ಅದನ್ನ. ನಿಮ್ಮಲ್ಲಿಗೆ ಬರೋ ಮುಂದ." ಗೋಡೆಗೆ ಒರಗಿ ಕೂತ. "ತೆಗಿದ ಹಂಗ ಬಂದಿದ್ರ ನಿಮಗ ಕಾಣತಿತ್ತು."

"ಕಾಣತಿತ್ತೋ ಇಲ್ಲೋ. ನಾ ನೋಡೋ ಪೈಕಿ ಇರ್ಲಿಲ್ಲ ಆವಾಗ."

"ಸಾವ್ಕಾರ್ರು ಏನಂದ್ರು?"

ಹೇಳಿದೆ. ಒಂದು ಮಡಿಕೆ ಹಾಸು ಎಂದದ್ದನ್ನು ಕೇಳಿ ಅವನು ನಕ್ಕ. ನಕ್ಕಾಗ ರೆಪ್ಪೆಯ ಬೂದಿ ಉದುರಿತು.

"ಮೂರು ಕಡಿ ಕೆಲಸ ಕೇಳಾಕ ಹೋದೆ ಮೇಸ್ತ್ರಿ. ಮೂರೂ ಕಡಿ ನನ್ನ ಹೆಸರು ಕೇಳ್ಲಿಲ್ಲ. ನೀನ ಅಲ್ಲೇನು, ಸಿರುಗುಪ್ಪದಾಗ ಸಪ್ಪಳ ಬರೋನು, ಅಂದ್ರು. ಅದು ಸಾವ್ಕಾರ್ರ ಮಾತಲ್ಲ. ನಿಮ್ಮ ಮಾತು."

"ನನ್ನ ಗ್ಯಾರೇಜಿಗೆ ಬಾ. ರಿಪೇರಿ ಆದ ಗಾಡಿ ಓಡಿಸಿ ನೋಡೋ ಕೆಲಸ ಕೊಡ್ತೀನಿ. ನಿನ್ನೆ ಬೆಂಚಿನವರ ಮುಂದ ನಾನ ನಿಂತು ಹೇಳೀನಿ, ತಪ್ಪು ನಂದಂತ."

"ನಿಮ್ಮ ಗ್ಯಾರೇಜಿನಾಗ ಡ್ರೈವರು ಒಳಗ ಬರಂಗಿಲ್ಲಲ್ರಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದ.

ಬೆಂಚಿನವರ ಮುಂದೆ ಹಿಂದಿನ ದಿನ ಹೇಳಿದ್ದೇನೋ ನಿಜ. ಅವರು ಹೌದಾ ಮೇಸ್ತ್ರಿ ಎಂದು ಚಹಾ ಕುಡಿದು ಎದ್ದು ಹೋಗಿದ್ದರು. ಮೊದಲಿನ ಕಥೆಯಲ್ಲಿ ನಗು ಇತ್ತು, ಇದರಲ್ಲಿ ಇರಲಿಲ್ಲ. ಈ ಕಥೆ ಯಾರ ಜೊತೆಯೂ ಬಸ್ಸು ಹತ್ತಲಿಲ್ಲ.

ಎದ್ದೆ. ಓಣಿಯಿಂದ ಹೊರಗೆ ಹೋಗಬೇಕಾದರೆ ದೊಡ್ಡ ರಸ್ತೆಯವರೆಗೂ ಹಿಂದಕ್ಕೇ ಹೋಗಬೇಕಿತ್ತು, ನಡುವೆ ಎರಡು ತಿರುವು, ಒಂದು ಕಡೆ ಮೋರಿ. ನಾನು ಬಾಗಿಲು ತೆರೆದು ಹಿಂದೆ ನೋಡುತ್ತ ನಿಂತದ್ದನ್ನು ಅವನು ನೋಡಿದ. ಕೈಕಾಲು ತೊಳೆದು, ಒರೆಸಿಕೊಂಡು ಬಂದು ಕೈ ಚಾಚಿದ.

"ಕೀಲಿ ಕೊಡ್ರಿ. ನಿಮಗ ಆಗಂಗಿಲ್ಲ ಇದು."

ಕೊಟ್ಟೆ. ಅವನು ಕೂರುವ ಮೊದಲು ಬಗ್ಗಿ, ಮ್ಯಾಟು ಎತ್ತಿ, ಪೆಡಲಿನ ಕೆಳಗೆ ಕೈ ಆಡಿಸಿ ನೋಡಿದ. ಆಮೇಲೆ ಕೂತು ಪಕ್ಕದ ಬಾಗಿಲಿನ ಕಡೆ ಬೆರಳು ತೋರಿಸಿದ.

"ಪಕ್ಕ ಕುಂದರ್ರಿ ಮೇಸ್ತ್ರಿ."

ಕೂತೆ. ಅವನ ಎಡಗಾಲು ತಳದವರೆಗೂ ಹೋಯಿತು, ನಿಂತಿತು. ಮನಸ್ಸಿನಲ್ಲಿ ಎಣಿಸುತ್ತಿದ್ದನೇನೋ, ತುಟಿ ಅಲುಗಿತು. ಗೇರು ಬಿದ್ದದ್ದು ಕೇಳಿಸಲೇ ಇಲ್ಲ. ಎರಡೂ ತಿರುವು, ಮೋರಿ, ಕಟ್ಟೆಗಳು, ಒಣಹಾಕಿದ ಬಟ್ಟೆ ಎಲ್ಲವನ್ನೂ ದಾಟಿಸಿ ಒಂದೇ ಸಲಕ್ಕೆ ದೊಡ್ಡ ರಸ್ತೆಯವರೆಗೆ ಹಿಂದಕ್ಕೆ ತಂದ. ನಾನು ಕನ್ನಡಿ ನೋಡಲಿಲ್ಲ, ರಸ್ತೆ ನೋಡಲಿಲ್ಲ, ಅವನ ಕಾಲನ್ನೇ ನೋಡುತ್ತಿದ್ದೆ.

ಗಾಡಿ ನಿಲ್ಲಿಸಿದ. "ನೋಡಿದ್ರ್ಯಾ?"

"ನೋಡಿದೆ."

"ಇಷ್ಟನ್ನ ಕೇಳಿದ್ದೆ ಅವತ್ತು," ಎಂದು ಇಳಿದು, ಬಾಗಿಲು ಮೆಲ್ಲಗೆ ಹಾಕಿ, ಓಣಿಯೊಳಗೆ ನಡೆದುಹೋದ.

ಇಂಜಿನ್ ಚಾಲೂ ಇತ್ತು. ನಾನು ಪಕ್ಕದ ಸೀಟಿನಲ್ಲೇ ಕೂತಿದ್ದೆ. ಹಿಂದಿನಿಂದ ಬಸ್ಸೊಂದು ಹಾರ್ನ್ ಹಾಕಿದಾಗ ಇಳಿದು ಸುತ್ತಿಕೊಂಡು ಬಂದು, ಅವನು ಬಿಟ್ಟುಹೋದ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದೆ.